ಎರಡು ಹೆಸರು, ಅರ್ಧರ್ಧ ಬದುಕು: ದ್ವೀಪರಾಷ್ಟ್ರಗಳ ಮಹಿಳೆಯರು ವಿಕಿಪೀಡಿಯದಲ್ಲಿ ಏಕೆ ಸಿಗುವುದಿಲ್ಲ

ನವುರು ದೇಶದ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆಯ ಬಗ್ಗೆ ಹುಡುಕಲು ಕೂತವರು ‘ರೂಬಿ ಥೋಮಾ’ ಎಂದು ಬರೆದರೆ 1986ರ ಚುನಾವಣೆಯ ಸುದ್ದಿ ಸಿಗುತ್ತದೆ, ಆಮೇಲೆ ದಾರಿ ಕಡಿದುಹೋಗುತ್ತದೆ. ‘ರೂಬಿ ಡೆಡಿಯಾ’ ಎಂದು ಹುಡುಕಿದವರಿಗೆ ಅನಂತರದ ರಾಜಕೀಯ ಜೀವನ ಸಿಗುತ್ತದೆ, ಆರಂಭವೇ ಕಾಣುವುದಿಲ್ಲ. ಇಬ್ಬರೂ ಒಬ್ಬರೇ. ಹೆಸರು ಬದಲಾಯಿತು, ದಾಖಲೆ ಎರಡಾಗಿ ಸೀಳಿತು. ಒಂದು ತುಂಡನ್ನಷ್ಟೇ ನೋಡಿದ ವಿಕಿಪೀಡಿಯ ಪರಿಶೀಲಕರಿಗೆ ‘ಒಂದು ಲೇಖನಕ್ಕೆ ಇಷ್ಟು ಸಾಲದು’ ಅನ್ನಿಸಿದರೆ ಅವರನ್ನು ಬೈದು ಪ್ರಯೋಜನವಿಲ್ಲ. ಎರಡೂ ತುಂಡನ್ನು ಹೊಲಿದು ತೋರಿಸುವವರು ಬೇಕು.

ಇಂಗ್ಲಿಷ್ ವಿಕಿಪೀಡಿಯದ ವ್ಯಕ್ತಿಚಿತ್ರಗಳಲ್ಲಿ ಮಹಿಳೆಯರದ್ದು 2014ರ ಸುಮಾರಿಗೆ ಶೇ. 15.5ರಷ್ಟಿತ್ತು. 2015ರ ಜುಲೈನಲ್ಲಿ ‘ವಿಮೆನ್ ಇನ್ ರೆಡ್’ ಎಂಬ ಸಂಪಾದಕರ ಗುಂಪು ಹುಟ್ಟಿತು. ಪುಟವಿಲ್ಲದ ಹೆಸರಿಗೆ ಕೊಂಡಿ ಕೊಟ್ಟರೆ ಅದು ಕೆಂಪಾಗಿ ಕಾಣುತ್ತದಲ್ಲ, ಹೆಸರು ಅದರಿಂದ ಬಂತು. ಇಷ್ಟು ವರ್ಷ ಕೆಂಪನ್ನು ನೀಲಿ ಮಾಡಿದ ಮೇಲೂ ಪಾಲು ಐದರಲ್ಲೊಂದರ ಹತ್ತಿರ ನಿಂತಿದೆ. ಸಣ್ಣ ದ್ವೀಪರಾಷ್ಟ್ರಗಳ ಮಹಿಳೆಯರ ಮಟ್ಟಿಗೆ ತೊಡಕು ಇನ್ನೊಂದು ಸುತ್ತು ಬಿಗಿ. ಅದು ಎಲ್ಲಿ ಬಿಗಿದಿದೆ, ಹೇಗೆ ಸಡಿಲಿಸಬೇಕು ಎಂಬುದನ್ನು ಪೆಸಿಫಿಕ್ ದ್ವೀಪಗಳನ್ನೇ ಹಿಡಿದು ನೋಡೋಣ. ಇಲ್ಲಿ ಹೆಸರಿಸುವ ಹೆಚ್ಚಿನವರಿಗೆ ಇಂಗ್ಲಿಷಿನಲ್ಲಿ ಪುಟವಿದೆ. ಒಳಗೆ ಬಂದವರ ದಾರಿ ನೋಡಿದರೆ ಹೊರಗುಳಿದವರು ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬುದು ತಿಳಿಯುತ್ತದೆ.

ಮೊದಲು ನಿಯಮ. ವಿಕಿಪೀಡಿಯದ ಭಾಷೆಯಲ್ಲಿ ‘ಗಮನಾರ್ಹತೆ’ ಅಂದರೆ ಸಾಧನೆ ಅಲ್ಲ, ಸಾಧನೆಯ ಬಗ್ಗೆ ಬೇರೆಯವರು ಬರೆದಿಟ್ಟದ್ದು. ಬರೆದವರು ಆ ವ್ಯಕ್ತಿಗೆ ಸಂಬಂಧವಿಲ್ಲದವರಾಗಿರಬೇಕು, ಬರಹ ನಂಬಬಹುದಾದ ಕಡೆ ಪ್ರಕಟವಾಗಿರಬೇಕು, ಹೆಸರು ಬಂದುಹೋದರೆ ಸಾಲದು, ಆಕೆಯ ಬಗ್ಗೆ ವಿವರವಾಗಿಯೇ ಇರಬೇಕು, ಅಂಥದ್ದು ಒಂದಕ್ಕಿಂತ ಹೆಚ್ಚು ಬೇಕು. ಕೆನಡಾದ ಭೌತವಿಜ್ಞಾನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರ ಬಗೆಗಿನ ಕರಡನ್ನು 2018ರ ಮೇ ತಿಂಗಳಲ್ಲಿ ಇದೇ ಕಾರಣಕ್ಕೆ ವಾಪಸು ಕಳಿಸಿದ್ದರು. ಅಕ್ಟೋಬರಿನಲ್ಲಿ ಅವರಿಗೆ ನೊಬೆಲ್ ಬಂತು. ಶ್ರೀಮಂತ ದೇಶದ ಪ್ರಾಧ್ಯಾಪಕಿಗೇ ಹೀಗಾದರೆ, ಹೊರದ್ವೀಪವೊಂದರಲ್ಲಿ ನಲವತ್ತು ವರ್ಷ ಹೆರಿಗೆ ಮಾಡಿಸಿ ದಾದಿಯರ ಒಂದು ತಲೆಮಾರನ್ನೇ ತಯಾರು ಮಾಡಿದ ಹೆಂಗಸಿನ ಪಾಡು ಊಹಿಸಿಕೊಳ್ಳಿ.

ನಿಯಮಕ್ಕೆ ಒಂದು ಅಡ್ಡದಾರಿ ಇದೆ. ರಾಷ್ಟ್ರೀಯ ಶಾಸನಸಭೆಯ ಸದಸ್ಯರನ್ನು ಗಮನಾರ್ಹರೆಂದೇ ಮೊದಲು ಭಾವಿಸಿಕೊಳ್ಳುತ್ತಾರೆ. ಹನ್ನೊಂದು ಸಾವಿರ ಜನರ ತುವಾಲು ದೇಶದ ಸಂಸತ್ತಿಗೆ 1989ರಲ್ಲಿ ಬಂದ ಮೊದಲ ಮಹಿಳೆ ನಾಮಾ ಲತಾಸಿ ಈ ದಾರಿಯಲ್ಲಿ ಸಲೀಸಾಗಿ ಒಳಗೆ ಬರುತ್ತಾರೆ. ಆದರೆ ಈ ಬಾಗಿಲೇ ಕಿರಿದು. ತುವಾಲುವಿನಲ್ಲಿ ಎರಡನೆಯ ಮಹಿಳೆ ಸಂಸತ್ತಿಗೆ ಬಂದದ್ದು 2011ರಲ್ಲಿ. ಮೈಕ್ರೋನೇಷ್ಯಾ ಒಕ್ಕೂಟದ ಕಾಂಗ್ರೆಸ್ಸಿಗೆ ಮೊದಲ ಮಹಿಳೆ ಆಯ್ಕೆಯಾದದ್ದು 2021ರಲ್ಲಿ. ವನುವಾಟುವಿನಲ್ಲಿ 2022ರ ಚುನಾವಣೆಯಾದಾಗ 52 ಸ್ಥಾನಗಳಲ್ಲಿ ಗೆದ್ದ ಮಹಿಳೆ ಒಬ್ಬರೇ. ಸಂಸತ್ತಿನಿಂದ ಹೊರಗಿಟ್ಟವರನ್ನು ಸಂಸತ್ತಿನ ಅಡ್ಡದಾರಿಯಿಂದ ಒಳಗೆ ತರುವುದು ಹೇಗೆ? ಕ್ರೀಡಾಪಟುಗಳಿಗೂ ಹಿಂದೆ ಇಂಥದ್ದೇ ದಾರಿಯಿತ್ತು, ಒಲಿಂಪಿಕ್ಸಿನಲ್ಲಿ ಭಾಗವಹಿಸಿದರೆ ಸಾಕಿತ್ತು. ಈಗ ಪದಕ ಬೇಕು, ಇಲ್ಲವೇ ಮೊದಲಿನಂತೆ ಬರಹದ ಆಧಾರ ಬೇಕು. ಅಂಕಿಅಂಶದ ಒಂದೇ ಜಾಲತಾಣವನ್ನು ನಂಬಿ ಬರೆದ ಎರಡು ಸಾಲಿನ ಪುಟಗಳು ಈಗ ಅಳಿಸಿಹೋಗುವುದಕ್ಕೋ ಪಟ್ಟಿಯೊಂದರಲ್ಲಿ ಸೇರಿಹೋಗುವುದಕ್ಕೋ ಕಾರಣ ಇದೇ.

ಹಾಗಾದರೆ ಬರಹ ಎಲ್ಲಿದೆ? ನವುರು, ತುವಾಲುಗಳಲ್ಲಿ ದಿನಪತ್ರಿಕೆಯೇ ಇಲ್ಲ. ದ್ವೀಪಗಳ ಸುದ್ದಿಯನ್ನು ದಶಕಗಟ್ಟಲೆ ಅಚ್ಚು ಹಾಕಿದ್ದು 1930ರಲ್ಲಿ ಸಿಡ್ನಿಯಲ್ಲಿ ಶುರುವಾದ ‘ಪೆಸಿಫಿಕ್ ಐಲ್ಯಾಂಡ್ಸ್ ಮಂತ್ಲಿ’ ಎಂಬ ಮಾಸಪತ್ರಿಕೆ. ಅದರ ಹಳೆಯ ಸಂಚಿಕೆಗಳು ಆಸ್ಟ್ರೇಲಿಯಾ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಒಳಗಿನ ಪದಗಳನ್ನೂ ಹುಡುಕಬಹುದು. ಮೊದಲು ಅಗೆಯಬೇಕಾದ ಗಣಿ ಇದು. ನ್ಯೂಜಿಲೆಂಡಿನ ‘ಪೇಪರ್ಸ್ ಪಾಸ್ಟ್’ ತಾಣದಲ್ಲಿ ಸಮೋವಾದ ಹಳೆಯ ಪತ್ರಿಕೆಗಳಿವೆ. ಬ್ರಿಟಿಷ್ ಪಶ್ಚಿಮ ಪೆಸಿಫಿಕ್ ಆಡಳಿತದ ಕಡತಗಳು ಈಗ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿವೆ. ಕ್ಯಾನ್‌ಬೆರಾದ ಪೆಸಿಫಿಕ್ ಮ್ಯಾನುಸ್ಕ್ರಿಪ್ಟ್ಸ್ ಬ್ಯೂರೊ 1968ರಿಂದ ದ್ವೀಪಗಳ ಕಾಗದಪತ್ರಗಳನ್ನು ಮೈಕ್ರೋಫಿಲ್ಮಿಗೆ ಇಳಿಸುತ್ತ ಬಂದಿದೆ. ಅಂದರೆ ಆ ಹೆಂಗಸರ ಬದುಕು ಒಂದು ಕಡೆ, ಅದರ ಕಾಗದ ಸಾವಿರಾರು ಮೈಲಿ ಆಚೆ. ಊರಿನವರಿಗೆ ಆಕೆ ಗೊತ್ತು, ಕಾಗದ ಸಿಗದು. ಕಾಗದ ಇಟ್ಟುಕೊಂಡವರಿಗೆ ಆಕೆ ಯಾರೆಂದು ಗೊತ್ತಿಲ್ಲ.

ಹುಡುಕುವಾಗ ದೇಶದ ಹಳೆಯ ಹೆಸರನ್ನೂ ಹಾಕಬೇಕು. ವನುವಾಟು 1980ರ ಜುಲೈ 30ರವರೆಗೆ ‘ನ್ಯೂ ಹೆಬ್ರಿಡೀಸ್’ ಆಗಿತ್ತು. ಬ್ರಿಟಿಷರೂ ಫ್ರೆಂಚರೂ ಜಂಟಿಯಾಗಿ ಆಳುತ್ತಿದ್ದುದರಿಂದ ಅರ್ಧ ದಾಖಲೆ ಫ್ರೆಂಚಿನಲ್ಲಿದೆ. ತುವಾಲು ಮತ್ತು ಕಿರಿಬಾಟಿ ಎರಡೂ ‘ಗಿಲ್ಬರ್ಟ್ ಮತ್ತು ಎಲಿಸ್ ದ್ವೀಪಗಳು’ ಎಂಬ ಒಂದೇ ವಸಾಹತು. ಇಂದಿನ ಸಮೋವಾ 1997ರವರೆಗೆ ‘ಪಶ್ಚಿಮ ಸಮೋವಾ’. 1970ರ ಸುದ್ದಿಯಲ್ಲಿ ‘ತುವಾಲು’ ಎಂದು ಹುಡುಕಿ ಏನೂ ಸಿಗಲಿಲ್ಲವೆಂದರೆ ಸುದ್ದಿ ಇಲ್ಲವೆಂದು ಅರ್ಥವಲ್ಲ.

ಈಗ ಹೆಸರಿನ ವಿಚಾರ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಮದುವೆಯಿಂದ ಬದಲಾದ ಹೆಸರು ಎಲ್ಲ ಕಡೆಯೂ ಇದ್ದದ್ದೇ. ದ್ವೀಪಗಳಲ್ಲಿ ಅದರ ಮೇಲೆ ಪದವಿಯ ಹೆಸರೂ ಸೇರುತ್ತದೆ. ಸಮೋವಾದಲ್ಲಿ ಕುಟುಂಬದ ಮುಖಂಡರಿಗೆ ಸಿಗುವ ‘ಮತಾಯ್’ ಬಿರುದು ಹೆಸರಿನ ಮುಂದೆ ಬಂದು ಕೂರುತ್ತದೆ. 2021ರಲ್ಲಿ ಅಲ್ಲಿನ ಮೊದಲ ಮಹಿಳಾ ಪ್ರಧಾನಿಯಾದ ಫಿಯಾಮೆ ನವೋಮಿ ಮತಅಫ ಅವರ ಹೆಸರಿನಲ್ಲಿ ‘ಫಿಯಾಮೆ’ ಬಿರುದು. ದೇಶದ ಮೊದಲ ಪ್ರಧಾನಿಯಾಗಿದ್ದ ಅವರ ತಂದೆಗೂ ಅದೇ ಬಿರುದು. ತಾಯಿ ಲಾಉಲು ಫೆತಾಉಯಿಮಲೆಮಾಉ ಕೂಡ ಶಿಕ್ಷಕಿ, ರಾಜಕಾರಣಿ, ಆದರೆ ಅವರ ಮುಂದಿನ ಬಿರುದು ಬೇರೆ. ಹಳೆಯ ಸುದ್ದಿಯೊಂದರಲ್ಲಿ ಬರೀ ‘ಮತಅಫ’ ಎಂದಿದ್ದರೆ ಮೂವರಲ್ಲಿ ಯಾರು ಎಂದು ಇಸವಿ ನೋಡದೆ ತೀರ್ಮಾನಿಸಬೇಡಿ. ಬಿರುದು ಸಿಗುವ ಮುಂಚಿನ ಸುದ್ದಿಗಳಲ್ಲಿ ಆ ವ್ಯಕ್ತಿ ಬೇರೆಯೇ ಹೆಸರಿನಲ್ಲಿ ಇರುತ್ತಾರೆ. ಫಿಜಿಯಲ್ಲಿ ಮುಖಂಡ ಮನೆತನದ ಹೆಂಗಸರಿಗೆ ‘ಆಂದಿ’, ಕಿರಿಬಾಟಿಯಲ್ಲಿ ಹೆಂಗಸರ ಹೆಸರಿಗೆಲ್ಲ ‘ನೇಯ್’ ಎಂಬ ಗೌರವಸೂಚಕ. ಇವು ಮೊದಲ ಹೆಸರುಗಳಲ್ಲ. ನಮ್ಮ ಕಡೆ ‘ಶ್ರೀಮತಿ’ಯನ್ನು ಯಾರದ್ದೋ ಹೆಸರೆಂದು ಪಟ್ಟಿಗೆ ಸೇರಿಸಿದ ಹಾಗಾಗುತ್ತದೆ.

ವನುವಾಟುವಿನ ಹಿಲ್ಡಾ ಲಿನಿ 1987ರಲ್ಲಿ ಸಂಸತ್ತಿಗೆ ಬಂದರು, 1991ರಲ್ಲಿ ಆರೋಗ್ಯ ಸಚಿವೆಯಾದರು. ಪರಮಾಣು ಅಸ್ತ್ರಗಳು ಕಾನೂನುಬದ್ಧವೇ ಎಂಬ ಪ್ರಶ್ನೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯುವಂತೆ ಒತ್ತಾಯಿಸಿದವರಲ್ಲಿ ಅವರು ಪ್ರಮುಖರು. ಮುಂದೆ ಮುಖಂಡತನದ ಬಿರುದು ಸೇರಿ ‘ಮೋತರಿಲವೋವ ಹಿಲ್ಡಾ ಲಿನಿ’ ಆದರು. ಆದರೂ ಎಷ್ಟೋ ವರದಿಗಳಿಗೆ ಅವರು ಮೊದಲ ಪ್ರಧಾನಿ ವಾಲ್ಟರ್ ಲಿನಿಯವರ ಸಹೋದರಿ, ಅಷ್ಟೇ. ಕುಕ್ ದ್ವೀಪಗಳ ಮಾರ್ಗರೀಟ್ ಸ್ಟೋರಿಯವರ ಕತೆ ಇನ್ನೂ ತೀಕ್ಷ್ಣ. 1965ರ ಚುನಾವಣೆಯಲ್ಲಿ ಅವರ ಸಹೋದರ ಆಲ್ಬರ್ಟ್ ಹೆನ್ರಿ ವಾಸದ ನಿಯಮದಿಂದಾಗಿ ನಿಲ್ಲುವಂತಿರಲಿಲ್ಲ. ಸ್ಟೋರಿ ನಿಂತು ಗೆದ್ದರು, ನಿಯಮ ಸಡಿಲವಾದ ಮೇಲೆ ಸ್ಥಾನ ಬಿಟ್ಟುಕೊಟ್ಟರು, ಹೆನ್ರಿ ಉಪಚುನಾವಣೆಯಲ್ಲಿ ಗೆದ್ದು ಸರ್ಕಾರದ ಮುಖ್ಯಸ್ಥರಾದರು. ಸ್ಟೋರಿ 1979ರವರೆಗೆ ಸಭಾಧ್ಯಕ್ಷೆಯಾಗಿದ್ದರು. ಹದಿನಾಲ್ಕು ವರ್ಷ ಸದನ ನಡೆಸಿದವರನ್ನು ‘ಹೆನ್ರಿಯ ಸಹೋದರಿ’ ಎಂದು ಪರಿಚಯಿಸುವ ಆಧಾರವೇ ಮೊದಲು ಕೈಗೆ ಸಿಗುತ್ತದೆ. ಲೇಖನದ ಮೊದಲ ಸಾಲಿನಲ್ಲಿ ಆಕೆ ಏನು ಮಾಡಿದರು ಎಂಬುದಿರಲಿ, ಯಾರ ಸಂಬಂಧಿ ಎಂಬುದು ಮೂರನೆಯ ಪ್ಯಾರಾದಲ್ಲಿ ಬಂದರೆ ಸಾಕು.

‘ಮೊದಲ ಮಹಿಳೆ’ ಎಂಬ ಮಾತನ್ನು ಕಂಡಲ್ಲೆಲ್ಲ ಅನುಮಾನಿಸಿ. ಯಾವ ಸಭೆಗೆ? ಚುನಾಯಿತರೋ ನಾಮನಿರ್ದೇಶಿತರೋ? ವಸಾಹತು ಕಾಲದಲ್ಲೋ ಸ್ವಾತಂತ್ರ್ಯದ ನಂತರವೋ? ವನುವಾಟುವಿನಲ್ಲಿ 1987ರಲ್ಲಿ ಹಿಲ್ಡಾ ಲಿನಿಯವರ ಜೊತೆಗೇ ಮರಿಯಾ ಕ್ರೌಬಿ ಕೂಡ ಗೆದ್ದರು. ‘ಮೊದಲ’ ಎಂಬ ಒಂದು ಪದ ಇಬ್ಬರಲ್ಲಿ ಒಬ್ಬರನ್ನು ಅಳಿಸಿಬಿಡುತ್ತದೆ. ಟೋಂಗಾದಲ್ಲಿ 1975ರಲ್ಲಿ ಆಯ್ಕೆಯಾದವರು ರಾಜಮನೆತನದವರು, 1978ರಲ್ಲಿ ಬಂದ ಪಪಿಲೋವಾ ಫೋಲಿಯಾಕಿ ಸಾಮಾನ್ಯ ಮನೆತನದ ದಾದಿ. ಇಬ್ಬರಿಗೂ ಒಂದೊಂದು ಬಗೆಯ ‘ಮೊದಲು’ ಸಲ್ಲುತ್ತದೆ, ಯಾವುದು ಯಾರಿಗೆ ಎಂದು ಬಿಡಿಸಿ ಬರೆಯಬೇಕು.

ಆಧಾರ ‘ಸ್ವತಂತ್ರ’ವಾಗಿರಬೇಕೆಂಬ ಷರತ್ತು ಸಣ್ಣ ಊರಿನಲ್ಲಿ ಹೇಗೆ ಕೈಕೊಡುತ್ತದೆ ಎಂಬುದಕ್ಕೆ ಮಾರ್ಷಲ್ ದ್ವೀಪಗಳ ಡಾರ್ಲೀನ್ ಕೆಜು ಒಳ್ಳೆಯ ಉದಾಹರಣೆ. 1946ರಿಂದ 1958ರವರೆಗೆ ಅಮೆರಿಕ ಅಲ್ಲಿ 67 ಪರಮಾಣು ಸ್ಫೋಟಗಳನ್ನು ನಡೆಸಿತ್ತು. ಅದರಿಂದ ದ್ವೀಪದ ತಾಯಂದಿರಿಗೆ, ಮಕ್ಕಳಿಗೆ ಏನಾಯಿತು ಎಂದು 1983ರಲ್ಲಿ ವ್ಯಾಂಕೂವರಿನಲ್ಲಿ ನಡೆದ ಚರ್ಚುಗಳ ವಿಶ್ವ ಮಂಡಳಿಯ ಸಭೆಯಲ್ಲಿ ನಿಂತು ಹೇಳಿದವರು ಕೆಜು. ಯುವಕರ ಆರೋಗ್ಯ ಸಂಘಟನೆಯೊಂದನ್ನು ಕಟ್ಟಿದರು, 1996ರಲ್ಲಿ ತೀರಿಕೊಂಡರು. ಅವರ ವಿಸ್ತಾರವಾದ ಜೀವನಚರಿತ್ರೆ ಬರೆದವರು ಅವರ ಪತಿ. ದೇಶದ ವಾರಪತ್ರಿಕೆಯ ಸಂಪಾದಕರೂ ಅವರೇ. ವಿಕಿಪೀಡಿಯದ ಲೆಕ್ಕದಲ್ಲಿ ಎರಡೂ ‘ಹತ್ತಿರದವರ’ ಬರಹವೆನಿಸಬಹುದು. ಹಾಗೆಂದು ಬಿಸಾಡುವಂತಿಲ್ಲ. ಗಮನಾರ್ಹತೆ ಸಾಬೀತು ಮಾಡಲು ವ್ಯಾಂಕೂವರ್ ಭಾಷಣದ ಬಗ್ಗೆ ಹೊರಗಿನವರು ಬರೆದದ್ದನ್ನು, ಪರಮಾಣು ಪರೀಕ್ಷೆ ಕುರಿತ ಸಂಶೋಧನಾ ಗ್ರಂಥಗಳನ್ನು ಮುಂದಿಡಿ. ಹುಟ್ಟಿದ ಊರು, ಓದು, ಕೆಲಸದ ವಿವರಗಳಿಗೆ ಪತಿಯ ಪುಸ್ತಕವನ್ನು ‘ಪತಿ ಬರೆದಂತೆ’ ಎಂದು ಹೇಳಿಯೇ ಬಳಸಿ. ಒಂದು ಆಧಾರಕ್ಕೆ ಎರಡು ಕೆಲಸ ಹೊರಿಸಿದಾಗಲೇ ಚರ್ಚೆ ಪುಟದಲ್ಲಿ ಜಗಳ ಶುರುವಾಗುವುದು.

ಗುಂಪಾಗಿ ಮಾಡಿದ ಕೆಲಸಕ್ಕೆ ಹೆಸರೇ ಅಂಟುವುದಿಲ್ಲ ಎಂಬುದು ಇನ್ನೊಂದು ತೊಡಕು. ಸಮೋವಾದಲ್ಲಿ 1920ರ ದಶಕದಿಂದ ಹಳ್ಳಿಹಳ್ಳಿಯ ಮಹಿಳಾ ಆರೋಗ್ಯ ಸಮಿತಿಗಳು ನೈರ್ಮಲ್ಯ, ಶಿಶುಪಾಲನೆಯ ಹೊಣೆ ಹೊತ್ತವು. ವರದಿಗಳಲ್ಲಿ ‘ಸಮಿತಿ’ ಇದೆ, ಹೆಂಗಸರಿಲ್ಲ. ಪಲಾವುದಲ್ಲಿ ಪರಮಾಣುಮುಕ್ತ ಸಂವಿಧಾನವನ್ನು ಉಳಿಸಿಕೊಳ್ಳಲು ಹಿರಿಯ ಹೆಂಗಸರು ‘ಓತಿಲ್ ಅ ಬೆಲುಆದ್’ ಎಂಬ ಗುಂಪು ಕಟ್ಟಿ ನ್ಯಾಯಾಲಯದ ಮೆಟ್ಟಿಲೇರಿದರು. ಮುಂದಾಳು ಗೇಬ್ರಿಯೆಲಾ ಙಿರ್ಮಾಙ್ ಅವರ ಹೆಸರು ಉಳಿದಿದೆ, ಜೊತೆಗಿದ್ದವರದ್ದು ಮಸುಕು. ಇಂಥಲ್ಲಿ ಬಿಡಿ ಪುಟಗಳಿಗೆ ಹಟ ಹಿಡಿಯುವುದಕ್ಕಿಂತ ಗುಂಪಿನ ಮೇಲೆ ಒಂದು ಗಟ್ಟಿ ಲೇಖನ ಬರೆದು, ಹೆಸರುಗಳನ್ನು ಅದರೊಳಗೆ ತಂದು, ಪ್ರತಿ ಹೆಸರಿನಿಂದ ಆ ಭಾಗಕ್ಕೆ ಪುನರ್ನಿರ್ದೇಶನ (ಹೆಸರು ಹುಡುಕಿದವರನ್ನು ತಾನಾಗಿ ಅಲ್ಲಿಗೆ ಕಳಿಸುವ ವ್ಯವಸ್ಥೆ) ಕೊಡುವುದು ಲೇಸು.

ಬಾಯಿಮಾತಿನ ನೆನಪನ್ನು ಆಧಾರವಾಗಿ ಒಪ್ಪಬೇಕೆಂಬ ವಾದವೂ ಇದೆ. 2011ರಲ್ಲಿ ಬೆಂಗಳೂರಿನ ಅಚಲ್ ಪ್ರಭಲಾ ಭಾರತ ಮತ್ತು ದಕ್ಷಿಣ ಆಫ್ರಿಕಾದ ಹಳ್ಳಿಗಳಲ್ಲಿ ಧ್ವನಿಮುದ್ರಿತ ಮಾತನ್ನು ಉಲ್ಲೇಖವಾಗಿ ಬಳಸುವ ಪ್ರಯೋಗ ಮಾಡಿ ತೋರಿಸಿದ್ದರು. ಇಂಗ್ಲಿಷ್ ವಿಕಿಪೀಡಿಯ ಅದನ್ನು ನಿಯಮವಾಗಿ ಒಪ್ಪಿಕೊಂಡಿಲ್ಲ. ಸದ್ಯದ ಉಪಾಯ ಇಷ್ಟೇ: ಸಂದರ್ಶನ ಮೊದಲು ಸಂಪಾದಕರಿರುವ ಪತ್ರಿಕೆಯಲ್ಲೋ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲೋ ಬರಲಿ, ಆಮೇಲೆ ಅದನ್ನು ಉಲ್ಲೇಖಿಸಿ. ಅಚ್ಚಾದ ಒಂದೇ ಪುಟದ ಬಲ ಎಷ್ಟೆಂದು ತಿಳಿಯಬೇಕಿದ್ದರೆ ಇಬ್ನ್ ಬತೂತಾನನ್ನು ನೋಡಿ. ಹದಿನಾಲ್ಕನೆಯ ಶತಮಾನದ ಆ ಪ್ರವಾಸಿ ನಮ್ಮ ಹೊನ್ನಾವರಕ್ಕೂ ಬಂದಿದ್ದ, ಮಾಲ್ಡೀವ್ಸ್‌ಗೂ ಹೋಗಿದ್ದ. ಮಾಲ್ಡೀವ್ಸ್ ಆಳುತ್ತಿದ್ದ ಸುಲ್ತಾನಾ ಖದೀಜಾಳನ್ನು ಹೆಸರು ಹಿಡಿದು ಬರೆದ. ಹೊನ್ನಾವರದಲ್ಲಿ ಹುಡುಗಿಯರಿಗೆ 13 ಶಾಲೆಗಳಿವೆ ಎಂದು ಬರೆದ, ಅಲ್ಲಿ ಕಲಿಸುತ್ತಿದ್ದವರ ಹೆಸರು ಬರೆಯಲಿಲ್ಲ.

ಕೆಲಸಕ್ಕೆ ಕೂರುವಾಗ ಕ್ರಮ ಹೀಗಿರಲಿ. ವಿಕಿಡೇಟಾ ಅಂದರೆ ವಿಕಿಪೀಡಿಯದ ಜೊತೆಗಿರುವ ಮಾಹಿತಿಕೋಶ, ಅಲ್ಲಿ ಪ್ರತಿ ಗುಣಕ್ಕೆ ‘ಪಿ’ ಸಂಖ್ಯೆ, ಪ್ರತಿ ವಿಷಯಕ್ಕೆ ‘ಕ್ಯೂ’ ಸಂಖ್ಯೆ ಇರುತ್ತದೆ. ಮೊದಲು ಅದರ ಪ್ರಶ್ನೆಪುಟದಲ್ಲಿ ಮೂರು ಷರತ್ತು ಹಾಕಿ: ಪಿ31 ಅಂದರೆ ಮನುಷ್ಯರು (ಕ್ಯೂ5), ಪಿ21 ಅಂದರೆ ಮಹಿಳೆ (ಕ್ಯೂ6581072), ಪಿ27 ಅಂದರೆ ದೇಶ (ತುವಾಲುವಿಗೆ ಕ್ಯೂ672, ನವುರುವಿಗೆ ಕ್ಯೂ697). ಬಂದ ಪಟ್ಟಿಯಲ್ಲಿ ಯಾರಿಗೆ ಯಾವ ಭಾಷೆಯಲ್ಲಿ ಪುಟವಿಲ್ಲ ಎಂಬುದು ಕಾಣುತ್ತದೆ. ಆದರೆ ವಿಕಿಡೇಟಾದಲ್ಲೇ ನಮೂದಾಗದವರು ಈ ಜರಡಿಯಲ್ಲಿ ಬೀಳುವುದೇ ಇಲ್ಲ. ಅವರಿಗಾಗಿ ಅಂತರ ಸಂಸದೀಯ ಒಕ್ಕೂಟದ ಪಟ್ಟಿಗಳು, ಶಾಲಾ ಕಾಲೇಜುಗಳ ಇತಿಹಾಸ, ಬ್ರಿಟಿಷ್ ಗೌರವ ಪಟ್ಟಿಗಳನ್ನು ನೋಡಿ ಕೈಯಿಂದಲೇ ಪಟ್ಟಿ ಮಾಡಬೇಕು. ಗೌರವ ಪಟ್ಟಿಯ ಗೆಜೆಟ್ ಪುಟ ದಿನಾಂಕಕ್ಕೆ ಸಾಕ್ಷಿ, ಗಮನಾರ್ಹತೆಗೆ ಅಲ್ಲ. ನ್ಯಾಯಾಲಯದ ತೀರ್ಪುಗಳೂ ಹಾಗೆಯೇ. ಪೋರ್ಟ್ ವಿಲಾದ ‘ಪ್ಯಾಕ್‌ಲಿ’ ತಾಣದಲ್ಲಿ ಅವು ಧಾರಾಳವಾಗಿ ಸಿಗುತ್ತವೆ, ಆದರೆ ಬದುಕಿರುವವರ ಬಗ್ಗೆ ತೀರ್ಪಿನಿಂದ ನೇರವಾಗಿ ಎತ್ತಿ ಬರೆಯುವುದು ನಿಷಿದ್ಧ.

ಒಬ್ಬರಿಗೆ ಕನಿಷ್ಠ ಮೂರು ಗಟ್ಟಿ ಆಧಾರ ಸಿಗುವವರೆಗೆ ಬರೆಯಲು ತೊಡಗಬೇಡಿ. ಎರಡು ಸಾಕೆನ್ನುವವರಿದ್ದಾರೆ, ಅಳಿಸುವ ಚರ್ಚೆಯಲ್ಲಿ ಒಂದು ಬಿದ್ದುಹೋಗುವುದು ಮಾಮೂಲು. ದ್ವೀಪಗಳ ಸುದ್ದಿತಾಣಗಳು ಮಾಯವಾಗುತ್ತಿರುತ್ತವೆ, ಆದ್ದರಿಂದ ಕೊಂಡಿ ಸಿಕ್ಕ ಕ್ಷಣವೇ ಜಾಲಪುಟಗಳ ನಕಲು ಕಾಪಿಡುವ ‘ವೇಬ್ಯಾಕ್ ಮಷೀನ್’ನಲ್ಲಿ ಉಳಿಸಿ, ಉಲ್ಲೇಖದಲ್ಲಿ ಎರಡೂ ವಿಳಾಸ ಕೊಡಿ. ಇಂಗ್ಲಿಷಿನಲ್ಲಿ ಹೊಸ ಖಾತೆಗೆ ನಾಲ್ಕು ದಿನ ಮತ್ತು ಹತ್ತು ಸಂಪಾದನೆ ಆಗುವವರೆಗೆ ನೇರವಾಗಿ ಲೇಖನ ಪ್ರಕಟಿಸಲು ಬಿಡುವುದಿಲ್ಲ, ಕರಡಾಗಿಯೇ ಕಳಿಸಬೇಕು. ಕರಡನ್ನು ಆರು ತಿಂಗಳು ಮುಟ್ಟದಿದ್ದರೆ ಅಳಿಸುತ್ತಾರೆ. ಬದುಕಿರುವವರ ಬಗ್ಗೆ ಒಂದೂ ಆಧಾರವಿಲ್ಲದ ಪುಟಕ್ಕೆ ಏಳು ದಿನದ ಗಡುವು. ಪುಟದಲ್ಲಿ ಎಲ್ಲೂ ಆಕೆಯ ಮಹತ್ವ ಹೇಳದಿದ್ದರೆ ಗಡುವೂ ಇಲ್ಲದೆ ಹೋಗಬಹುದು. ಸರ್ಕಾರಿ ತಾಣದಿಂದ ನಕಲು ಮಾಡಿದ ಪರಿಚಯವನ್ನು ಅನುವಾದಿಸಿದರೂ ಅದು ನಕಲೇ. ಚಿತ್ರವೂ ಹಾಗೆಯೇ: ಸುದ್ದಿಪತ್ರಿಕೆಯ ಫೋಟೊವನ್ನು ವಿಕಿಪೀಡಿಯದ ಚಿತ್ರಗಳ ಭಂಡಾರವಾದ ಕಾಮನ್ಸ್‌ಗೆ ಹಾಕಿದರೆ ತೆಗೆಯುತ್ತಾರೆ, ಚಿತ್ರವಿಲ್ಲದ ಪುಟವೇ ವಾಸಿ.

ಕನ್ನಡ ವಿಕಿಪೀಡಿಯಕ್ಕೆ ತರುವಾಗ ಮೊದಲು ‘ನನ್ನ ಪ್ರಯೋಗಪುಟ’ದಲ್ಲಿ ಬರೆದು, ಅನುಮಾನವಿದ್ದರೆ ಸಂಪಾದಕರು ಚರ್ಚಿಸುವ ‘ಅರಳಿ ಕಟ್ಟೆ’ ಪುಟದಲ್ಲಿ ಕೇಳಿ. ಇಂಗ್ಲಿಷ್ ಪುಟದಿಂದ ಅನುವಾದಿಸಿದ್ದರೆ ಸಂಪಾದನೆಯ ಸಾರಾಂಶದಲ್ಲಿ ಮೂಲಪುಟದ ಕೊಂಡಿ ಹಾಕಲೇಬೇಕು, ಪರವಾನಗಿಯ ಷರತ್ತು ಅದು. ಯಂತ್ರಾನುವಾದ ಸಭಾಧ್ಯಕ್ಷೆಯನ್ನು ಭಾಷಣಕಾರ ಮಾಡುತ್ತದೆ, ಒಂದು ಸಾಲಿನಲ್ಲಿ ‘ಅವಳು’ ಎಂದು ಇನ್ನೊಂದರಲ್ಲಿ ‘ಅವನು’ ಎನ್ನುತ್ತದೆ. ಎಲ್ಲಕ್ಕಿಂತ ಮೋಸದ್ದು ‘ಸಿಸ್ಟರ್’. ಕನ್ನಡ ಅಕ್ಕನೋ ತಂಗಿಯೋ ಎಂದು ಕೇಳುತ್ತದೆ, ಇಂಗ್ಲಿಷ್ ಹೇಳುವುದಿಲ್ಲ. ಇಬ್ಬರ ಹುಟ್ಟಿದ ವರ್ಷವೂ ಕೈಯಲ್ಲಿಲ್ಲದಿದ್ದರೆ ‘ಸಹೋದರಿ’ ಎಂದೇ ಬರೆಯಿರಿ.

ಹೆಸರುಗಳನ್ನು ಇಂಗ್ಲಿಷ್ ಕಾಗುಣಿತದಂತೆ ಓದಿದರೆ ತಪ್ಪುತ್ತದೆ. ಫಿಜಿ ಭಾಷೆಯಲ್ಲಿ ‘ಡಿ’ ಅಕ್ಷರದ ಹಿಂದೆ ನಕಾರವೂ ‘ಬಿ’ಯ ಹಿಂದೆ ಮಕಾರವೂ ಅಡಗಿವೆ, ‘ಸಿ’ ನಮ್ಮ ದಕಾರಕ್ಕೆ ಹತ್ತಿರ. ಆದ್ದರಿಂದ ವಿಮಾನ ಇಳಿಯುವ ಊರು ನಡಿ ಅಲ್ಲ, ನಾಂದಿ. ಆದರೆ 1966ರಲ್ಲಿ ಫಿಜಿಯ ಶಾಸನ ಪರಿಷತ್ತಿಗೆ ಬಂದ, ಲಖನೌದಲ್ಲಿ ಹುಟ್ಟಿದ ಐರೀನ್ ಜೈ ನಾರಾಯಣ್ ಅವರಂಥ ಭಾರತೀಯ ಮೂಲದವರ ಹೆಸರಿಗೆ ಈ ಸೂತ್ರ ಹಚ್ಚಬಾರದು. ಕಿರಿಬಾಟಿಯಲ್ಲಿ ‘ಟಿಐ’ ಎಂದು ಬರೆದದ್ದು ಸಕಾರ, ದೇಶದ ಹೆಸರನ್ನು ಅಲ್ಲಿನವರು ಹೇಳುವುದು ಕಿರಿಬಾಸ್ ಎಂದೇ. ಸಮೋವಾದ ಹೆಸರುಗಳ ನಡುವಿನ ಅಲ್ಪವಿರಾಮದಂಥ ಗುರುತು ಗಂಟಲಿನ ತಡೆ. ‘ಮತಾಫ’ ಎಂದು ಕೂಡಿಸಿದರೆ ಅದು ಕಳೆದುಹೋಗುತ್ತದೆ, ‘ಮತಅಫ’ ಎಂದು ಸ್ವರ ಬಿಡಿಸಿ ಬರೆಯಬೇಕು. ಸಮೋವಾದ ‘ಜಿ’ಗೂ ಪಲಾವುದ ‘ಎನ್‌ಜಿ’ಗೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರವಿಲ್ಲ, ನಮ್ಮಲ್ಲಿದೆ. ವರ್ಣಮಾಲೆಯ ಕವರ್ಗದ ಕೊನೆಯಲ್ಲಿ ಬಾಯಿಪಾಠಕ್ಕಷ್ಟೇ ಉಳಿದಿರುವ ಙ ಇಲ್ಲಿ ನಿಜವಾಗಿ ದುಡಿಯುತ್ತದೆ: ಙಿರ್ಮಾಙ್.

ಆದರೆ ಙ ಒತ್ತಿ ಹುಡುಕುವವರು ಎಷ್ಟು ಮಂದಿ? ಆದ್ದರಿಂದ ‘ನಗಿರ್ಮಾಂಗ್’, ‘ಎನ್‌ಗಿರ್ಮಾಂಗ್’ ಎರಡರಿಂದಲೂ ಪುನರ್ನಿರ್ದೇಶನ ಮಾಡಿ. ವಿಕಿಡೇಟಾದಲ್ಲಿ ಕನ್ನಡ ಹೆಸರು ತುಂಬಿಸಿ, ಉಳಿದ ರೂಪಗಳನ್ನು ಪರ್ಯಾಯ ಹೆಸರುಗಳ ಅಂಕಣಕ್ಕೆ ಸೇರಿಸಿ. ರೂಬಿ ಡೆಡಿಯಾ ಪುಟಕ್ಕೆ ರೂಬಿ ಥೋಮಾ ಎಂಬ ಪುನರ್ನಿರ್ದೇಶನ ಮಾಡಲು ಬೇಕಾಗುವುದು ಅರ್ಧ ನಿಮಿಷ.